ಟ್ಯಾಲಿ ಆಯ್ತು ಅಂದ್ರೆ ಸರಿ ಇದೆ ಅಂತಲ್ಲ

1/9
📷 ಕ್ಲಾಸ್‌ರೂಮಿನ ಬೆಂಚು, ಅರ್ಧ ತುಂಬಿದ ಫಾರಂ

ಸೆಮಿಸ್ಟರ್ ಮುಗಿಯೋ ವಾರ ನಮ್ಮ ಕ್ಲಾಸಿನಲ್ಲಿ ಒಂದು ಫಾರಂ ಹಂಚಿದ್ರು. ಸ್ವಯಂ ಮೌಲ್ಯಮಾಪನ. ನಿಮ್ಮ ಬರವಣಿಗೆ, ಸಂವಹನ, ಪ್ರಾಮಾಣಿಕತೆ, ಒಂದೊಂದಕ್ಕೂ 1ರಿಂದ 5ರೊಳಗೆ ನೀವೇ ಅಂಕ ಕೊಟ್ಕೊಳ್ಳಿ ಅಂತ. ಹತ್ತು ನಿಮಿಷ ಟೈಮು.

ಅಕ್ಕಪಕ್ಕ ನೋಡಿದೆ. ಎಲ್ರದ್ದೂ 4. ನಾನೂ 4 ಹಾಕ್ದೆ. 5 ಹಾಕಿದ್ರೆ ಕೊಬ್ಬು ಅಂತಾರೆ. 3 ಹಾಕಿದ್ರೆ ಇಂಟರ್ನಲ್ಸ್‌ನ 20 ಅಂಕದಲ್ಲಿ ಎಲ್ಲಿ ಕತ್ತರಿ ಬೀಳುತ್ತೋ ಅಂತ ಭಯ. ಪ್ರಾಮಾಣಿಕತೆ ಅನ್ನೋ ಕಾಲಮ್ಮಿಗೂ 4 ಹಾಕಿದೆ. ಅದೂ ಪಕ್ಕದವಳ ಹಾಳೆ ನೋಡ್ಕೊಂಡು!

ಮನೆಗೆ ಬಂದ್ಮೇಲೆ ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕಂದ್ರೆ ಈ ಸೆಮಿಸ್ಟರ್ ಪೂರ್ತಿ ನಾನು ಇಲ್ಲಿ ಬರೆದಿದ್ದೀನಿ. 18 ಉದ್ದುದ್ದ ಕ್ಯಾಪ್ಶನ್. ಮನೆ ನಂಜನಗೂಡು, ಅಮ್ಮನ ತೌರು ತಿ. ನರಸೀಪುರದ ಕಡೆ ಹಳ್ಳಿ. ಭಾನುವಾರ ಕೆಂಪು ಬಸ್ ಹತ್ತಿ ಅಲ್ಲಿಗೂ ಇಲ್ಲಿಗೂ ಓಡಾಡಿ, ಫೋಟೋ ತೆಗ್ದು, ಬರ್ದೆ. ಶಕ್ತಿ ಯೋಜನೆ ಇರೋದ್ರಿಂದ ಪ್ರಯಾಣದ ಖರ್ಚು ಸೊನ್ನೆ. ನೀವೆಲ್ಲ "ಸೂಪರ್ ಅಕ್ಕ", "ನಮ್ಮೂರ ಹೆಮ್ಮೆ" ಅಂದ್ರಿ.

ಆ 18ಕ್ಕೆ ನಿಜವಾದ ಮೌಲ್ಯಮಾಪನ ಮಾಡಿದ್ರೆ 4 ಬರಲ್ಲ. ಅದನ್ನ ಇವತ್ತು ನಿಮ್ಮ ಮುಂದೆನೇ ಮಾಡ್ತೀನಿ. ಒಂದು ಕ್ಯಾಪ್ಶನ್ನಿಗೆ 2200 ಅಕ್ಷರ ಮಿತಿ, ಅದಕ್ಕೆ ಒಂಬತ್ತು ಭಾಗ. ಕೊನೇವರೆಗೂ ಓದಿ. ನನ್ನನ್ನ ಬೈಯೋದಿದ್ರೆ ಒಂಬತ್ತನೇದಾದ್ಮೇಲೆ ಬೈರಿ.

ನನ್ನ ಜಗಳ ಬರೀ ಆ ಫಾರಂ ಜೊತೆ ಅಲ್ಲ. ನಮ್ಮ ಬರಹಕ್ಕೆ ನಾವೇ ಅಂಕ ಕೊಡೋ ಈ ಸುಳ್ಳು ಅಭ್ಯಾಸದ ಜೊತೆ. ಅದು ಕಾಲೇಜಲ್ಲೂ ಇದೆ, ಈ ಫೋನಲ್ಲೂ ಇದೆ.

2/9
📷 ನನ್ನ ಅಕೌಂಟೆನ್ಸಿ ನೋಟ್ಸು, ಕೆಂಪು ಪೆನ್ನಿನ ಗೆರೆ

ಬಿಕಾಂ ಓದದವರಿಗೆ ಒಂದು ಸಣ್ಣ ಪಾಠ. ಓದ್ತಿರೋರು ಸ್ಕಿಪ್ ಮಾಡಬೇಡಿ, ನೀವೂ ಮರ್ತಿದ್ದೀರ.

ವ್ಯಾಪಾರದ ಲೆಕ್ಕ ಬರೆದಾದ್ಮೇಲೆ ಟ್ರಯಲ್ ಬ್ಯಾಲೆನ್ಸ್ ಹಾಕ್ತಾರೆ. ಕನ್ನಡ ಮಾಧ್ಯಮದವರಿಗೆ ತಾಳೆಪಟ್ಟಿ. ಎಡಗಡೆ ಡೆಬಿಟ್ ಮೊತ್ತ, ಬಲಗಡೆ ಕ್ರೆಡಿಟ್ ಮೊತ್ತ. ಎರಡೂ ಒಂದೇ ಬಂದ್ರೆ ಟ್ಯಾಲಿ ಆಯ್ತು ಅಂತ ಖುಷಿ. ಪರೀಕ್ಷೆ ಹಾಲ್‌ನಲ್ಲಿ ಟ್ಯಾಲಿ ಆದಾಗ ಆಗೋ ಖುಷಿ ದೇವಸ್ಥಾನದಲ್ಲೂ ಸಿಗಲ್ಲ.

ಆದ್ರೆ ಅದರ ಹಿಂದೆನೇ ಇನ್ನೊಂದು ಪಾಠ ಬರುತ್ತೆ. ಟ್ಯಾಲಿ ಆದ ಲೆಕ್ಕದಲ್ಲೂ ನಾಲ್ಕು ಥರದ ತಪ್ಪು ಬಚ್ಚಿಟ್ಕೊಂಡಿರಬಹುದು. ಒಂದು, ವ್ಯವಹಾರನೇ ಬರೀದೆ ಪೂರ್ತಿ ಬಿಟ್ಟುಬಿಡೋದು. ಎರಡು, ಸರಿಯಾದ ಮೊತ್ತವನ್ನ ತಪ್ಪು ಖಾತೆಗೆ ಬರೆಯೋದು. ಮೂರು, ತತ್ವದಲ್ಲೇ ತಪ್ಪೋದು, ಅಂದ್ರೆ ಯಾವುದು ಆಸ್ತಿ, ಯಾವುದು ಖರ್ಚು ಅನ್ನೋದೇ ಅದಲುಬದಲು ಆಗೋದು. ನಾಲ್ಕು, ಒಂದು ತಪ್ಪನ್ನ ಇನ್ನೊಂದು ತಪ್ಪು ಸರಿದೂಗಿಸೋದು. ಈ ನಾಲ್ಕೂ ಇದ್ರೂ ಪಟ್ಟಿ ಟ್ಯಾಲಿ ಆಗುತ್ತೆ.

ನಮ್ಮ ಲೈಕ್ಸ್ ಇದೇ. ಹೃದಯದ ಗುರುತು ಬಿತ್ತು, ಶೇರ್ ಆಯ್ತು, ಟ್ಯಾಲಿ! ಒಳಗೆ ಬರೆದಿದ್ದು ನಿಜವೋ ಸುಳ್ಳೋ ಅದಕ್ಕೆ ಗೊತ್ತಿಲ್ಲ. ನಿಮಗೂ ಗೊತ್ತಿರಲ್ಲ, ಯಾಕಂದ್ರೆ ನಾನು ಹೇಳಿರಲ್ಲ. ಫಾರಂನಲ್ಲಿ ಹಾಕಿದ 4 ಕೂಡ ಅಷ್ಟೇ. ಟ್ಯಾಲಿ ಮಾಡೋಕೆ ಹಾಕಿದ ನಂಬರು.

ಅದಕ್ಕೆ ಈ 18 ಕ್ಯಾಪ್ಶನ್ನಿನಲ್ಲಿ ಆ ನಾಲ್ಕು ಥರದ ತಪ್ಪನ್ನೂ ಹುಡುಕಿದೆ. ನಾಲ್ಕೂ ಸಿಕ್ಕಿದ್ವು. ಅವಕ್ಕಿಂತ ಮುಂಚೆ, ಯಾವ ಪುಸ್ತಕದಲ್ಲೂ ಇಲ್ಲದ ಐದನೇ ಥರ ಒಂದಿದೆ. ಅದರಿಂದ ಶುರು ಮಾಡ್ತೀನಿ.

3/9
📷 ರಾಜಗೋಪುರ, ಎಲ್ಲರೂ ತೆಗೆಯೋ ಅದೇ ಆ್ಯಂಗಲ್ಲು

"ದಕ್ಷಿಣ ಕಾಶಿ ಎಂದೇ ಪ್ರಸಿದ್ಧವಾದ ನಂಜನಗೂಡು."
"ದಕ್ಷಿಣ ಪ್ರಯಾಗ ಎಂದೇ ಖ್ಯಾತವಾದ ತಿರುಮಕೂಡಲು ನರಸೀಪುರ."

ಈ ಎರಡು ವಾಕ್ಯ ನನ್ನ ಎಷ್ಟು ಕ್ಯಾಪ್ಶನ್ನಿನಲ್ಲಿ ಇವೆ ಅಂತ ಎಣಿಸಿದೆ. 11. ಹನ್ನೊಂದರಲ್ಲೂ ಅದರ ಮುಂದಿನ ಮೂರ್ನಾಲ್ಕು ಸಾಲು ನನ್ನವಲ್ಲ. ಬೇರೆ ಪೇಜಿಂದ ಎತ್ತಿ, ಕ್ರಿಯಾಪದ ಬದಲಾಯಿಸಿ, ಕೊನೆಗೆ ಒಂದು 🙏 ಹಾಕಿದ್ದು. ಅವರು ಎಲ್ಲಿಂದ ಎತ್ತಿದ್ರೋ ನಂಜುಂಡನೇ ಬಲ್ಲ. ಅಸೈನ್‌ಮೆಂಟ್ ಬರೆಯೋ ಥರನೇ. ಒಬ್ರು ಬರೀತಾರೆ, ನಲವತ್ತು ಜನ ಕಾಪಿ, ಮೊದಲನೆಯವರು ಮಾಡಿದ ಅಕ್ಷರದ ತಪ್ಪು ನಲವತ್ತರಲ್ಲೂ ಇರುತ್ತೆ.

ಸಂಗಮದ ಬಗ್ಗೆ ಬರೆದೆ. ಕಾವೇರಿ, ಕಪಿಲಾ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. 1989ರಿಂದ ಇಲ್ಲಿ ಕುಂಭಮೇಳ ನಡೀತಿದೆ, 2025ರ ಫೆಬ್ರವರಿಯಲ್ಲೂ ಆಯ್ತು ಅಂತ ಬರೆದೆ. ಸರಿ, ಇದರಲ್ಲಿ ಸುಳ್ಳಿಲ್ಲ. ಆದ್ರೆ ನರಸೀಪುರದಲ್ಲಿ ನವಶಿಲಾಯುಗದ ಜನ ಬದುಕಿದ್ದ ಜಾಗ ಇದೆ, ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಅಲ್ಲಿ ಉತ್ಖನನ ಮಾಡಿ 1971ರಲ್ಲಿ ವರದಿ ಪ್ರಕಟಿಸಿದ್ರು, ಅನ್ನೋದು ನನಗೆ ಗೊತ್ತಾಗಿದ್ದು ಸೆಮಿಸ್ಟರ್ ಮುಗಿದ ಮೇಲೆ. ಅಜ್ಜಿ ಊರಿಗೆ ಇಪ್ಪತ್ತು ವರ್ಷದಿಂದ ಹೋಗ್ತಿದ್ದೀನಿ. ನಮ್ಮದೇ ಯೂನಿವರ್ಸಿಟಿ ಮಾಡಿದ ಕೆಲಸ. ಆದ್ರೂ ಗೊತ್ತಿರಲಿಲ್ಲ. ಯಾಕಂದ್ರೆ ನಾನು ಎತ್ತಿಕೊಂಡ ಪೇಜುಗಳಲ್ಲಿ ಅದು ಇರಲಿಲ್ಲ.

ಕಾಪಿ ಹೊಡೆಯೋದ್ರ ನಿಜವಾದ ನಷ್ಟ ಇದು. ಸಿಕ್ಕಿಬೀಳ್ತೀವಿ ಅನ್ನೋದಲ್ಲ. ಬೇರೆಯವರು ನೋಡಿದ್ದನ್ನ ಮಾತ್ರ ನೋಡ್ತೀವಿ, ನಮ್ಮೂರಲ್ಲೇ ನಿಂತ್ಕೊಂಡು.

4/9
📷 ಕಪಿಲಾ ನದಿಯ ಹಳೇ ಸೇತುವೆ, ಬೆಳಿಗ್ಗೆ

ಈ ಫೋಟೋ ನೆನಪಿದೆಯಾ? ಈ ವರ್ಷ ನನ್ನ ಅತಿ ಹೆಚ್ಚು ಶೇರ್ ಆದ ಪೋಸ್ಟು. ಅದರ ಮೊದಲ ಸಾಲು: "1735ರಲ್ಲಿ ಕಟ್ಟಿದ, ಭಾರತದ ಅತ್ಯಂತ ಹಳೆಯ ರೈಲ್ವೆ ಸೇತುವೆ ನಮ್ಮೂರಲ್ಲಿದೆ!"

ಮೂರನೇ ದಿನ ರೈಲ್ವೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರೊಬ್ರು ಮೆಸೇಜ್ ಮಾಡಿದ್ರು. "ಏನವ್ವಾ, 1735ರಲ್ಲಿ ರೈಲು ಎಲ್ಲಿತ್ತು?"

ಅಷ್ಟೇ. ಒಂದು ಸಾಲು. ನನಗೆ ಮುಖ ಎಲ್ಲಿ ಇಟ್ಕೊಳ್ಳೋದು ಗೊತ್ತಾಗ್ಲಿಲ್ಲ. ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲು ಬೊಂಬಾಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಹೈಸ್ಕೂಲಲ್ಲೇ ಓದಿದ್ದೆ. ಎರಡೂ ಇಸವಿ ನನ್ನ ತಲೇಲೇ ಇದ್ವು, ಒಂದರ ಪಕ್ಕ ಇನ್ನೊಂದನ್ನ ಇಟ್ಟು ನೋಡಿರಲಿಲ್ಲ.

ಸರಿಯಾದದ್ದು ಇದು: 1735ರಲ್ಲಿ ದಳವಾಯಿ ದೇವರಾಜರ ಕಾಲದಲ್ಲಿ ಕಟ್ಟಿದ್ದು ಕಲ್ಲಿನ ಸೇತುವೆ. ಜನ, ಗಾಡಿ ಓಡಾಡೋಕೆ. ಒಂದೂವರೆ ಶತಮಾನ ಕಳೆದ ಮೇಲೆ ಮೈಸೂರಿಂದ ನಂಜನಗೂಡಿಗೆ ರೈಲು ಬಂದಾಗ, ಅದೇ ಸೇತುವೆ ಮೇಲೆ ಹಳಿ ಹಾಸಿದ್ರು. ಬ್ರಾಡ್‌ಗೇಜ್ ಆದ್ಮೇಲೆ ರೈಲು ಹೊಸ ಸೇತುವೆಗೆ ಹೋಯ್ತು. ನಿಜ ಹೇಳ್ಬೇಕಂದ್ರೆ ಈ ಕಥೆ ನಾನು ಬರೆದ ಸುಳ್ಳಿಗಿಂತ ಚೆನ್ನಾಗಿದೆ. ರೈಲನ್ನೇ ಕಾಣದ ಕಾಲದವರು ಕಟ್ಟಿದ್ದು ರೈಲಿನ ಭಾರ ಹೊತ್ತಿತು!

ಲೆಕ್ಕದ ಭಾಷೇಲಿ ಇದು ಎರಡನೇ ಥರದ ತಪ್ಪು. ಇಸವಿ ಸರಿ, ಖಾತೆ ತಪ್ಪು.

ನಾನು ಏನ್ ಮಾಡ್ದೆ? ಯಾರಿಗೂ ಹೇಳದೆ ಎಡಿಟ್ ಒತ್ತಿ ಆ ಸಾಲು ಬದಲಾಯಿಸಿದೆ. ಆ ಹಿರಿಯರಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಎರಡು ವಾರ ಆದ್ಮೇಲೆ ಪಕ್ಕದ ಮನೆ ಏಳನೇ ಕ್ಲಾಸ್ ಹುಡುಗ ಪ್ರಾಜೆಕ್ಟ್ ತೋರಿಸಿದ. ನನ್ನ ಹಳೇ ಸಾಲು, ಸ್ಕೆಚ್ ಪೆನ್ನಲ್ಲಿ, ಡಬಲ್ ಅಂಡರ್‌ಲೈನ್ ಜೊತೆ.

5/9
📷 ಬದನವಾಳು ರೈಲ್ವೆ ಸ್ಟೇಷನ್ ಬೋರ್ಡು

ಇದು ಬರೆಯೋದು ಕಷ್ಟ.

ಅಕ್ಟೋಬರ್ 2ಕ್ಕೆ ಬದನವಾಳು ಬಗ್ಗೆ ಬರೆದಿದ್ದೆ. ನಂಜನಗೂಡು ತಾಲೂಕಿನ ಖಾದಿ ಕೇಂದ್ರ, 1927ರಲ್ಲಿ ಗಾಂಧೀಜಿ ಬಂದಿದ್ದು, ನೂಲೋ ಹೆಣ್ಮಕ್ಳು, 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಅಲ್ಲಿ ನಡೆಸಿದ ಸುಸ್ಥಿರ ಬದುಕಿನ ಸತ್ಯಾಗ್ರಹ. ಬಿಳಿ ನೂಲಿನ ಫೋಟೋ. ತುಂಬಾ ಜನ ಸೇವ್ ಮಾಡ್ಕೊಂಡ್ರಿ.

ಮಾರನೇ ದಿನ ಕ್ಲಾಸಲ್ಲಿ ನನ್ನ ಎರಡು ಬೆಂಚು ಹಿಂದೆ ಕೂರೋ ಹುಡುಗ ಕೇಳ್ದ: "ಚೆನ್ನಾಗ್ ಬರ್ದಿದ್ಯಾ. 1993 ಯಾಕ್ ಬಿಟ್ಟೆ?"

ಏನು 1993 ಅಂದೆ. ಅವನು ನಗಲೂ ಇಲ್ಲ, ಬೈಯಲೂ ಇಲ್ಲ. "ನಿಮ್ಮನೇಲಿ ಬದನವಾಳು ಅಂದ್ರೆ ಚರಕ. ನಮ್ಮನೇಲಿ ಬೇರೆ" ಅಂದು ಹೋದ.

1993ರ ಮಾರ್ಚಿನಲ್ಲಿ, ದೇವಸ್ಥಾನ ಪ್ರವೇಶದ ವಿಚಾರದಲ್ಲಿ ಎದ್ದ ಗಲಾಟೆಯ ಹಿನ್ನೆಲೆಯಲ್ಲಿ, ಬದನವಾಳಿನ ಮೂವರು ದಲಿತರನ್ನ ಕೊಲೆ ಮಾಡಿದ್ರು. ನಾನು ಹುಟ್ಟೋಕೆ ಮುಂಚೆ ನಡೆದದ್ದು, ಆದ್ರೆ ನನ್ನದೇ ತಾಲೂಕಿನಲ್ಲಿ. ರಾತ್ರಿ ಅಪ್ಪನ್ನ ಕೇಳಿದೆ. ಅಪ್ಪಂಗೆ ಗೊತ್ತಿತ್ತು. "ಅದೆಲ್ಲ ಈಗ್ಯಾಕೆ ಮಗಳೇ" ಅಂದ್ರು.

ಅಲ್ಲಿಗೆ ಅರ್ಥ ಆಯ್ತು. ನನಗೆ ಗೊತ್ತಿರಲಿಲ್ಲ ಅನ್ನೋದು ಆಕಸ್ಮಿಕ ಅಲ್ಲ. ಅದನ್ನ ಮರೆತು ಆರಾಮಾಗಿ ಇರೋ ಅನುಕೂಲ ನಮ್ಮನೆಗಿತ್ತು. ಅವನ ಮನೆಗಿರಲಿಲ್ಲ. ಒಂದೇ ಕ್ಲಾಸು, ಒಂದೇ ಸಿಲಬಸ್ಸು, ಒಂದೇ ಊರಿನ ಹೆಸರು, ಎರಡು ನೆನಪು.

ಇದು ಮೊದಲನೇ ಥರದ ತಪ್ಪು, ಪೂರ್ತಿ ಬಿಟ್ಟುಬಿಡೋದು. ಎರಡೂ ಕಡೆ ಬರೆಯದೆ ಇದ್ರೆ ಪಟ್ಟಿ ಟ್ಯಾಲಿ ಆಗೇ ಆಗುತ್ತೆ. ಖಾದಿ ಬಗ್ಗೆ ನಾನು ಬರೆದ ಒಂದೊಂದು ಸಾಲೂ ನಿಜ. ಆದ್ರೂ ಆ ಕ್ಯಾಪ್ಶನ್ ಸರಿ ಇಲ್ಲ.

6/9
📷 ಇಲ್ಲಿ ಫೋಟೋ ಇಲ್ಲ. ಬರೀ ಕಪ್ಪು ಚೌಕ

ಬೇಕಂತಲೇ ಹಾಕಿಲ್ಲ.

ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ನೀರು ಜಾಸ್ತಿ ಬಿಟ್ರೆ ನಮ್ಮೂರಲ್ಲಿ ಏನಾಗುತ್ತೆ ಅಂತ ನಂಜನಗೂಡಿನವರಿಗೆ ಹೇಳಬೇಕಾಗಿಲ್ಲ. ಹದಿನಾರು ಕಾಲು ಮಂಟಪ ಮುಳುಗುತ್ತೆ, ಸ್ನಾನಘಟ್ಟ ಕಾಣಲ್ಲ, ನಾವು ಫೋನ್ ಹಿಡ್ಕೊಂಡು ಓಡ್ತೀವಿ. ನದಿ ಪಕ್ಕದ ಬೀದಿಯವರು ಪಾತ್ರೆ ಪಗಡ ಹೊತ್ಕೊಂಡು ಓಡ್ತಾರೆ.

ಹಾಗೆ ಓಡ್ತಿದ್ದ ಒಬ್ಬ ಅಮ್ಮನ ಫೋಟೋ ತೆಗೆದಿಟ್ಕೊಂಡಿದ್ದೆ. ತಲೆ ಮೇಲೆ ಅಕ್ಕಿ ಮೂಟೆ, ಸೊಂಟದವರೆಗೆ ನೀರು, ಮುಖ ಪೂರ್ತಿ ಕಾಣುತ್ತೆ. ಸೆಮಿಸ್ಟರ್ ಶುರುವಾದಾಗ ಹಾಕಿದೆ. "ಕಪಿಲೆಯ ಮುನಿಸು, ತಾಯಿಯ ಛಲ" ಅಂತ ಕ್ಯಾಪ್ಶನ್. ನನ್ನ ಪೇಜಿಗೆ ಒಂದೇ ವಾರದಲ್ಲಿ 600 ಹೊಸ ಫಾಲೋವರ್ಸ್.

ಆಮೇಲೆ ಫಸ್ಟ್ ಇಯರ್ ಹುಡುಗಿಯೊಬ್ಬಳು ಕ್ಯಾಂಟೀನ್ ಹತ್ರ ನಿಲ್ಸಿ ಹೇಳಿದ್ಲು: "ಅಕ್ಕ, ಅದು ನಮ್ಮವ್ವ. ಎಲ್ರೂ ನಂಗೆ ಫಾರ್ವರ್ಡ್ ಮಾಡ್ತಾವ್ರೆ. ನಮ್ಮವ್ವಂಗೆ ಗೊತ್ತಾದ್ರೆ ಅಳ್ತಾಳೆ."

ಅವರ ಮನೆಗೆ ನೀರು ನುಗ್ಗಿದ್ದು ಅವರ ನಷ್ಟ. ಅದನ್ನ ನಾನು ನನ್ನ ಆದಾಯದ ಕಡೆ ಬರ್ಕೊಂಡಿದ್ದೆ. ಮೂರನೇ ಥರದ ತಪ್ಪು, ತತ್ವದ ತಪ್ಪು, ಅಂದ್ರೆ ಇದೇ. ಮೇಷ್ಟ್ರು ಮೆಷಿನ್ನು, ರಿಪೇರಿ ಖರ್ಚು ಅಂತ ಉದಾಹರಣೆ ಕೊಟ್ಟಿದ್ರು. ನಂಗೆ ಈ ಉದಾಹರಣೆಯಿಂದ ಅರ್ಥ ಆಯ್ತು.

ಅವತ್ತೇ ಫೋಟೋ ತೆಗೆದೆ. ಆದ್ರೆ ಕ್ಷಮೆ ಕೇಳೋ ಬದಲು ಮರುವಾರ "ನಮ್ಮೂರ ಹೆಣ್ಮಕ್ಳಿಗೆ ನಮಸ್ಕಾರ" ಅಂತ ಒಂದು ಸಿಹಿಸಿಹಿ ಪೋಸ್ಟ್ ಹಾಕಿ ಸಮಾಧಾನ ಮಾಡ್ಕೊಂಡೆ. ಅದು ನಾಲ್ಕನೇ ಥರ. ಒಂದು ತಪ್ಪನ್ನ ಸರಿದೂಗಿಸೋಕೆ ಇನ್ನೊಂದು.

7/9
📷 ಅಜ್ಜಿಯ ಕೈ, ಕೈಯಲ್ಲಿ ಒಂದು ಹಿಡಿ ಭತ್ತ (ಕೇಳಿ ತೆಗೆದದ್ದು)

18ರಲ್ಲಿ ಅತಿ ಕಡಿಮೆ ಲೈಕ್ಸ್ ಬಂದದ್ದು ಇದಕ್ಕೆ. 41. ಅದರಲ್ಲಿ ಆರು ನಮ್ಮ ಮನೆಯವರದೇ.

ಚಿಕ್ಕಮಾವನ ಗದ್ದೆಯ ಲೆಕ್ಕ ಬರೆದಿದ್ದೆ. ಟ್ರ್ಯಾಕ್ಟರ್ ಬಾಡಿಗೆ, ಬಿತ್ತನೆ ಭತ್ತ, ಗೊಬ್ಬರ, ನಾಟಿ ಕೂಲಿ, ಕಟಾವು ಮಿಷನ್ನು. ಕೂಡಿ, ಭತ್ತ ಮಾರಿದ ದುಡ್ಡಲ್ಲಿ ಕಳೆದೆ. ಸ್ವಲ್ಪ ಲಾಭ ಬಂತು. ಖುಷಿಯಾಗಿ ಅಜ್ಜಿಗೆ ಓದಿ ಹೇಳ್ದೆ.

"ನನ್ ಕೂಲಿ ಎಲ್ಲವ್ವ ಬರ್ದಿದ್ದೀಯೆ?" ಅಂತು ಅಜ್ಜಿ. "ಒಟ್ಲಿಗೆ ನೀರ್ ಕಟ್ಟಿದ್ದು, ಕಳೆ ಕಿತ್ತಿದ್ದು, ಬುತ್ತಿ ಹೊತ್ತಿದ್ದು, ಎಲ್ಲಾ ಪುಕ್ಸಟ್ಟೆಯಾ?"

ಎರಡು ವರ್ಷದಿಂದ ಲೆಕ್ಕಶಾಸ್ತ್ರ ಓದ್ತಿರೋಳಿಗೆ, ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಕೇಳಿದ ಪ್ರಶ್ನೆ ಅದು. ಹುಡುಕಿ ನೋಡಿದ್ರೆ, ಅದಕ್ಕೆ ದೆಹಲಿಯಲ್ಲಿ ಹೆಸರೇ ಇದೆ. ಬೆಂಬಲ ಬೆಲೆ ಶಿಫಾರಸು ಮಾಡೋ ಆಯೋಗ ಸಾಗುವಳಿ ಖರ್ಚನ್ನ ಬೇರೆ ಬೇರೆ ಥರ ಲೆಕ್ಕ ಹಾಕುತ್ತೆ. ಕೈಯಿಂದ ಬಿಚ್ಚಿದ ಖರ್ಚು ಎ2. ಮನೆಯವರ ದುಡಿಮೆಯ ಬೆಲೆ ಸೇರಿಸಿದ್ರೆ ಎ2+ಎಫ್‌ಎಲ್. ಸ್ವಂತ ಜಮೀನಿನ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಹಿಡಿದ್ರೆ ಸಿ2. ಸರ್ಕಾರ ಹೇಳೋ "ಖರ್ಚಿನ ಒಂದೂವರೆ ಪಟ್ಟು" ಎ2+ಎಫ್‌ಎಲ್ ಮೇಲೆ. ರೈತ ಸಂಘಟನೆಗಳು ಕೇಳ್ತಿರೋದು ಸಿ2 ಮೇಲೆ. ನಾನು ಹಾಕಿದ್ದು ಬರೀ ಎ2.

ಅಜ್ಜಿಯ ದಿನ ಎಣಿಸಿ ಮತ್ತೆ ಬರೆದೆ. ಲಾಭ ಮಾಯ.

ಆದ್ರೂ ಒಂದು ಮೋಸ ಮಾಡ್ದೆ. ಅಜ್ಜಿ ಮಾತನ್ನ "ನನ್ನ ಶ್ರಮದ ಮೌಲ್ಯವನ್ನು ಏಕೆ ಪರಿಗಣಿಸಿಲ್ಲ" ಅಂತ ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದೆ. ನಮ್ಮ ಸೀಮೆ ಮಾತಲ್ಲೇ ದೇವನೂರ ಮಹಾದೇವ ಅವರು ಬರೆದ "ಕುಸುಮಬಾಲೆ"ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ದೇವನೂರು ಇರೋದು ನಮ್ಮ ತಾಲೂಕಲ್ಲೇ. ನಾನು ಮಾತ್ರ ನಮ್ಮಜ್ಜಿ ಮಾತಿಗೆ ನಾಚ್ಕೊಂಡೆ.

8/9
📷 ಫೋನಿನ ಸ್ಕ್ರೀನು, "ಡಿಲೀಟ್" ಬಟನ್ ಮೇಲೆ ಬೆರಳು

ಇದನ್ನ ಹಾಕ್ತೀನಿ ಅಂದಾಗ ಫ್ರೆಂಡ್ಸ್ ಹೇಳಿದ್ದಕ್ಕೆಲ್ಲ ಇಲ್ಲೇ ಉತ್ತರ.

"ಸುಮ್ನೆ ಡಿಲೀಟ್ ಮಾಡೇ, ಯಾಕೆ ರಾಮಾಯಣ?"
ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದ್ರೆ ಹಾಳೆ ಹರಿಯಲ್ಲ. ರೆಕ್ಟಿಫಿಕೇಶನ್ ಎಂಟ್ರಿ ಬರೀತೀವಿ, ಏನು ತಪ್ಪಾಗಿತ್ತು ಅನ್ನೋದೂ ಅದರಲ್ಲಿ ಕಾಣುತ್ತೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಆಡಿಟ್ ಟ್ರೇಲ್ ಕಡ್ಡಾಯ. ಯಾವಾಗ ಏನು ಬದಲಾಯಿತು ಅಂತ ದಾಖಲಾಗ್ಲೇಬೇಕು, ಆಫ್ ಮಾಡೋ ಹಾಗಿಲ್ಲ. ಕಂಪನಿಗೆ ಇಷ್ಟು ನಿಯಮ ಇರುವಾಗ, ಊರಿನ ಕಥೆ ಬರೆಯೋಳಿಗೆ ಬೇಡ್ವಾ? ಒಂದೇ ಒಂದು ವಿನಾಯಿತಿ ಇದೆ. ಆ ಅಮ್ಮನ ಮುಖ. ಅದು ವಾಪಸ್ ಬರಬಾರದು. ತಪ್ಪು ಉಳೀಲಿ, ಅವರ ಮುಖ ಉಳಿಯೋದು ಬೇಡ.

"ಬರೀ ಕ್ಯಾಪ್ಶನ್ ಕಣೇ, ಯಾರ್ ಓದ್ತಾರೆ?"
ಏಳನೇ ಕ್ಲಾಸ್ ಹುಡುಗ ಓದ್ತಾನೆ. ಎರಡು ಬೆಂಚು ಹಿಂದೆ ಕೂರೋನು ಓದ್ತಾನೆ. ಓದ್ತಾರೆ ಅಂತ ತಾನೇ ಬರೆಯೋದು? ಲೈಕ್ಸ್ ಬೇಕಾದಾಗ ಓದುಗರಿರ್ತಾರೆ, ಜವಾಬ್ದಾರಿ ಬಂದಾಗ ಯಾರೂ ಇರಲ್ವಾ?

"ಇದೂ ಒಂಥರಾ ಶೋನೇ ಅಲ್ವಾ? ತಪ್ಪೊಪ್ಕೊಂಡು ಲೈಕ್ಸ್ ತಗೊಳ್ಳೋದು?"
ಈ ಪ್ರಶ್ನೆಗೆ ನಿಜವಾಗ್ಲೂ ನಿದ್ದೆ ಬರಲಿಲ್ಲ. 2013ರ ಕಂಪನಿ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ ಕಂಪನಿಯ ನೌಕರ ಅದೇ ಕಂಪನಿಯ ಆಡಿಟರ್ ಆಗೋ ಹಾಗಿಲ್ಲ. ಹಾಗೆ ನೋಡಿದ್ರೆ ನನಗೆ ನಾನೇ ಅಂಕ ಕೊಡೋ ಹಕ್ಕೇ ಇಲ್ಲ, 4 ಆಗ್ಲಿ, 1 ಆಗ್ಲಿ. ಈ ಸೆಮಿಸ್ಟರ್ ನನ್ನ ಲೆಕ್ಕ ತಪಾಸಣೆ ಮಾಡಿದ್ದು ನಾನಲ್ಲ. ಒಬ್ರು ರಿಟೈರ್ಡ್ ನೌಕರರು, ಒಬ್ಬ ಕ್ಲಾಸ್‌ಮೇಟು, ಒಬ್ಬಳು ಜೂನಿಯರ್, ಅಜ್ಜಿ. ನಾನು ಮಾಡಬಹುದಾದದ್ದು ಅವರು ಹೇಳಿದ್ದನ್ನ ಬಚ್ಚಿಡದೆ ಬರೆಯೋದು.

9/9
📷 ಅದೇ ಫಾರಂ, ಖಾಲಿ

ಲೆಕ್ಕ ಮುಗಿಸ್ತೀನಿ.

ಒಟ್ಟು 18. ಅದರಲ್ಲಿ ಬೇರೆಯವರ ವಾಕ್ಯ 11. ತಪ್ಪು 4: ಸೇತುವೆ, ಬದನವಾಳು, ಪ್ರವಾಹ, "ನಮಸ್ಕಾರ". ನನ್ನವು ಅಂತ ಹೇಳಬಹುದಾದದ್ದು 3: ಅಜ್ಜಿಯ ಲೆಕ್ಕ, ಬಸ್ ಸ್ಟ್ಯಾಂಡಿನ ಹೂವಿನವರದ್ದು, ಪನಾಮಾ ಸೊರಗು ರೋಗ ಬಂದು ರಸಬಾಳೆ ಹೇಗೆ ಕಮ್ಮಿ ಆಯ್ತು ಅಂತ ಬೆಳೆಗಾರರನ್ನ ಕೇಳಿ ಬರೆದದ್ದು. ಆ ಮೂರರ ಲೈಕ್ಸ್ ಕೂಡಿದ್ರೂ ಸೇತುವೆಯ ಸುಳ್ಳಿನ ಹತ್ತಿರ ಬರಲ್ಲ. ಇದರಲ್ಲಿ ನಿಮ್ಮ ಪಾಲೂ ಇದೆ, ಬೇಜಾರಾಗ್ಬೇಡಿ.

ರೆಕ್ಟಿಫಿಕೇಶನ್: ಸೇತುವೆ ಪೋಸ್ಟಿನ ಮೇಲೆ "ಇದು ತಪ್ಪಾಗಿತ್ತು" ಅಂತ ಹಳೇ ಸಾಲಿನ ಸಮೇತ ಹಾಕಿದ್ದೀನಿ. ಹುಡುಗನ ಪ್ರಾಜೆಕ್ಟ್ ಇಬ್ರೂ ಕೂತು ತಿದ್ದಿದ್ವಿ. ಬದನವಾಳು ಪೋಸ್ಟಿಗೆ 1993 ಸೇರಿಸಿದ್ದೀನಿ. ಆ ಅಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ರು, "ಇನ್ಮೇಲೆ ಕೇಳ್ಬುಟ್ಟು ತೆಗಿ ಕನವ್ವ" ಅಂದ್ರು. ನಿಮಗೆ ಹೇಳಬಹುದಾ ಅಂತ ಕೇಳಿ, ಒಪ್ಪಿದ ಮೇಲೆ ಇಷ್ಟು ಬರೆದಿದ್ದೀನಿ. 11 ಕಾಪಿ ಪೋಸ್ಟಿನ ಮೇಲೂ "ಕಾಪಿ" ಅಂತ ಹಾಕಿದ್ದೀನಿ.

ಫಾರಂ ಹಂಚೋ ಮೇಷ್ಟ್ರು, ಮೇಡಂಗಳಿಗೆ ಒಂದು ಮನವಿ. 1ರಿಂದ 5 ತೆಗೆದುಬಿಡಿ. ಮೂರೇ ಪ್ರಶ್ನೆ ಕೇಳಿ. ಈ ಸೆಮಿಸ್ಟರ್ ನೀನು ಬರೆದ ಒಂದು ತಪ್ಪು ಯಾವುದು? ಯಾರು ಹೇಳಿದ್ರು? ಎಲ್ಲಿ ಸರಿಮಾಡ್ದೆ? ಉತ್ತರ ಬರೆದವರ ಅಂಕ ಮಾತ್ರ ಕತ್ತರಿಸಬೇಡಿ. ಕತ್ತರಿಸಿದ್ರೆ ಮತ್ತೆ ಎಲ್ರೂ 4 ಹಾಕ್ತೀವಿ.

ನನ್ನ ಥರ ಊರಿನ ಪೇಜ್ ನಡೆಸೋ ಹುಡುಗ್ರಿಗೆ, ಹುಡುಗೀರಿಗೆ: ನಿಮ್ಮ ಹಳೇ ಪೋಸ್ಟಲ್ಲಿ ಒಂದನ್ನ, ಒಂದೇ ಒಂದನ್ನ, ಈ ವಾರ ಎಲ್ರ ಮುಂದೆ ತಿದ್ದಿ. ಫಾಲೋವರ್ಸ್ ಹೋಗ್ತಾರೆ ಅಂದ್ರೆ ಹೋಗ್ಲಿ. ನನ್ನದೂ ಹೋಗ್ತಾರೆ.

ಈ ಒಂಬತ್ತರಲ್ಲೂ ತಪ್ಪಿರಬಹುದು. ಕಂಡ್ರೆ ಗುಟ್ಟಾಗಿ ಮೆಸೇಜ್ ಮಾಡಬೇಡಿ. ಇಲ್ಲೇ, ಎಲ್ರಿಗೂ ಕಾಣೋ ಹಾಗೆ ಹೇಳಿ. ಮುಂದಿನ ಭಾನುವಾರ ಅಜ್ಜಿ ಊರಿಗೆ ಹೋಗ್ತಿದ್ದೀನಿ. ಅಜ್ಜಿಯ ಮಾತನ್ನ ಅಜ್ಜಿ ಹೇಳಿದ ಹಾಗೇ ಬರ್ಕೊಂಡು ಬರ್ತೀನಿ.

#ನಂಜನಗೂಡು #ತಿನರಸೀಪುರ #ಬಿಕಾಂಬದುಕು #ಸೆಮಿಸ್ಟರ್‌ಲೆಕ್ಕ